ಬೇಚರಾಕ್ ಆಗದ ಊರು

ಹಾರ್ಲೋ ಟೌನ್‌ಷಿಪ್, ಮಿಷಿಗನ್
16 ಏಪ್ರಿಲ್ 2000

ತಮ್ಮ ಹಾಲೇಶನಿಗೆ ಭಾಗ್ಯಕ್ಕನ ಆಶೀರ್ವಾದ.

ನಿನ್ನ ಪತ್ರ ಮೊನ್ನೆ ಕೈ ಸೇರಿತು. ಡ್ಯಾಮಿನ ನೀರು ಊರು ಮುಳುಗಿಸುವ ಮೊದಲೇ ಮನೆಯ ತೊಲೆ, ಬಾಗಿಲು, ದನದ ಗ್ವಾದಲಿಯ ಕಟ್ಟಿಗೆಯವರೆಗೆ ಎಲ್ಲ ಬಿಚ್ಚಿ ಟ್ರ್ಯಾಕ್ಟರಿನಲ್ಲಿ ಎತ್ತರದ ಮಡ್ಡಿಗೆ ಸಾಗಿಸಿದಿರೆಂದು ಓದಿದೆ. ಅವ್ವ ಏನಂದಳು, ಅವಳ ಕುರಿಗಳು ಹೊಸ ಜಾಗಕ್ಕೆ ಹೊಂದಿಕೊಂಡವೋ ಇಲ್ಲವೋ, ಅದನ್ನು ಮಾತ್ರ ಬರೆದಿಲ್ಲ. ಮೇಷ್ಟ್ರಾಗಿ ಹದಿನೈದು ವರ್ಷವಾದರೂ ಮುಖ್ಯವಾದದ್ದನ್ನು ಬಿಟ್ಟು ಬರೆಯುವ ಚಾಳಿ ನಿನಗೆ ಹೋಗಿಲ್ಲ.

ಮಿರಜದಲ್ಲಿ ನರ್ಸಿಂಗ್ ಕಲಿತು ನಾನು ಇಲ್ಲಿಗೆ ಬಂದು ಹನ್ನೊಂದು ವರ್ಷವಾಯಿತು. ನಾನಿರುವ ಊರು ಎಂಥದು ಎಂದು ನಿನಗೆ ಒಮ್ಮೆಯೂ ಬರೆದಿಲ್ಲ. ನನಗೇ ಸರಿಯಾಗಿ ಗೊತ್ತಿರಲಿಲ್ಲ. ಮನೆ ಬಿಟ್ಟರೆ ಆಸ್ಪತ್ರೆ, ಆಸ್ಪತ್ರೆ ಬಿಟ್ಟರೆ ಮನೆ. ಈಗ ಗೊತ್ತು ಮಾಡಿಕೊಳ್ಳುವ ಕಾಲ ಬಂದಿದೆ. ಇಲ್ಲಿ ಈ ವರ್ಷ ಜನಗಣತಿ. ಸರ್ಕಾರದವರು ನನ್ನನ್ನೂ ಆರಿಸಿದ್ದರಿಂದ ಆಸ್ಪತ್ರೆಗೆ ಎರಡು ತಿಂಗಳು ರಜೆ ಹಾಕಿ ಎಣಿಕೆಯ ಕೆಲಸಕ್ಕೆ ಸೇರಿದ್ದೇನೆ. ಒಂದು ಚೀಲ, ಕೊರಳಿಗೆ ಹಾಕಿಕೊಳ್ಳುವ ಗುರುತಿನ ಚೀಟಿ, ಒಂದು ದೊಡ್ಡ ನಕಾಶೆ ಕೊಟ್ಟಿದ್ದಾರೆ.

ನಕಾಶೆಯಲ್ಲಿ ನಮ್ಮ ಟೌನ್‌ಷಿಪ್ ರೊಟ್ಟಿ ಬಡಿಯುವ ಹಲಗೆಯಂತೆ ಚೌಕವಾಗಿದೆ. ಉದ್ದ ಆರು ಮೈಲಿ, ಅಗಲ ಆರು ಮೈಲಿ. ನೂರೆಂಬತ್ತು ವರ್ಷದ ಹಿಂದೆ ಸರ್ವೆಯವರು ಸರಪಳಿ ಹಿಡಿದು ಕಾಡಿನೊಳಗೆ ಗೆರೆ ಎಳೆದರಂತೆ. ಮನುಷ್ಯರು ಆಮೇಲೆ ಬಂದರು. ಇಲ್ಲಿ ಊರೊಳಗೆ ಹೋಗುವ ಅಗಸಿ ಬಾಗಿಲು ಇಲ್ಲ, ಕಟ್ಟೆ ಇಲ್ಲ, ಊರ ನಡುವೆ ಎನ್ನುವ ಜಾಗವೇ ಇಲ್ಲ. ಹತ್ತು ವರ್ಷದ ಹಿಂದೆ ಹದಿನಾಲ್ಕು ಸಾವಿರ ಜನ ಇದ್ದರು. ಈಗ ಎಷ್ಟೋ, ನಾವೇ ಹೇಳಬೇಕು.

ಅವ್ವನಿಗೆ ಹೇಳು, ನಾನು ಆರಾಮ ಇದ್ದೇನೆ.

ನಿನ್ನ ಅಕ್ಕ
ಭಾಗ್ಯಾ


ಕರಿಸಿದ್ದನಾಳ ಪುನರ್ವಸತಿ ಕೇಂದ್ರ
ತಾ. ಬೀಳಗಿ, ಜಿ. ಬಾಗಲಕೋಟೆ
21 ಮೇ 2000

ಅಕ್ಕನಿಗೆ ಹಾಲೇಶನ ನಮಸ್ಕಾರಗಳು.

ನಿನ್ನ ಪತ್ರವನ್ನು ಅವ್ವನ ಮುಂದೆ ಎರಡು ಸಲ ಓದಿದೆ. ಟೌನ್‌ಷಿಪ್ ಎಂದರೆ ಡ್ಯಾಮಿನ ಎಂಜಿನಿಯರುಗಳ ಕಾಲೊನಿಯ ಹಾಗೆ ಗೇಟು, ವಾಚ್‌ಮನ್, ಸಾಲು ಕ್ವಾರ್ಟರ್ಸು ಇರುವ ಜಾಗ ಎಂದು ನಾವು ತಿಳಿದಿದ್ದೆವು. ಅಗಸಿಯಿಲ್ಲದ ಊರಿನಲ್ಲಿ ನೀನು ಒಬ್ಬಳೇ ಹೇಗೆ ಇರುತ್ತೀ ಎಂಬುದು ಅವ್ವನ ಹೊಸ ಚಿಂತೆ. "ಅಗಸಿ ಇಲ್ಲಂದ್ರ ಹೊರಗಿನವರು ಯಾರು, ಒಳಗಿನವರು ಯಾರು ಅಂತ ಹೆಂಗ ಗೊತ್ತಾಗ್ತೈತಿ?" ಎಂದು ಕೇಳಿದಳು. ನೀನೇ ಹೇಳು.

ಸರ್ಕಾರ ನಿನ್ನನ್ನು ಆರಿಸಿ ಗಣತಿಗೆ ನೇಮಿಸಿದ್ದು ಊರಿಗೆಲ್ಲ ಗೊತ್ತಾಗಿದೆ. ನಮ್ಮ ಪಂಚಾಯ್ತಿಯ ಹಳೆಯ ಮೆಂಬರ್ ಗಿರಮಲ್ಲಪ್ಪ ಕಾಕಾ ನಿನ್ನನ್ನು "ಅಮೆರಿಕಾದ ಎಣಿಕಿ ಸಾಹೇಬ್ತಿ" ಎಂದು ಕರೆಯಲು ಶುರು ಮಾಡಿದ್ದಾರೆ.

ಇಲ್ಲಿಯೂ ಗಣತಿಯೇ. ಮೊದಲು ಮನೆಪಟ್ಟಿ; ಜನರ ಎಣಿಕೆ ಬರುವ ಫೆಬ್ರುವರಿಯಲ್ಲಿ. ಮನೆಪಟ್ಟಿಯ ಕೆಲಸ ನನಗೇ ಬಂದಿದೆ. ಆದರೆ ಒಂದು ತೊಡಕು ಎದ್ದಿದೆ. ನಾವು ಈಗ ಮನೆ ಕಟ್ಟಿಕೊಂಡಿರುವ ಮಡ್ಡಿ ಹಿರೇಮಡ್ಡಿ ಗ್ರಾಮದ ಸರಹದ್ದಿನದು. ಅದಕ್ಕೆ ನಮ್ಮನ್ನು ಹಿರೇಮಡ್ಡಿಯ ಜನವೆಂದೇ ಬರೆಯಬೇಕಂತೆ. ಹೊಳೆದಂಡೆಯ ಹಳೆಯ ಕರಿಸಿದ್ದನಾಳದ ಮುಂದೆ 'ಬೇಚರಾಕ್' ಎಂದು ಬರೆಯಬೇಕಂತೆ. ಜನವಸತಿ ಇಲ್ಲದ ಗ್ರಾಮಕ್ಕೆ ಕಂದಾಯದವರು ಹೇಳುವ ಮಾತು ಅದು. ಅಕ್ಕಾ, ಹಾಗೆ ಬರೆದರೆ ನಮ್ಮ ಊರು ಕಾಗದದಲ್ಲಿ ಸತ್ತಂತೆಯೇ. ಪಂಚಾಯ್ತಿ ಸೀಟು ಹೋಗುತ್ತದೆ. ನಮ್ಮ ಹೆಸರಿಗೆ ಕೇಳಿದ್ದ ಹೈಸ್ಕೂಲು ಹೋಗುತ್ತದೆ. ಏಳನೆಯ ತರಗತಿ ಮುಗಿಸಿದ ಹುಡುಗಿಯರು ಈಗಲೇ ಮನೆಯಲ್ಲಿ ಕೂತಿದ್ದಾರೆ.

ನಾನು ಮೇಲಿನವರೊಡನೆ ಮಾತಾಡುತ್ತೇನೆ. ಎಲ್ಲ ಸರಿಹೋಗುತ್ತದೆ. ಕುರಿಗಳು ಆರಾಮ ಇವೆ. ಅವ್ವ ಮಾತ್ರ ದಿನಾ ಸಂಜೆ ಹೊಳೆಯ ಕಡೆ ನೋಡುತ್ತ ನಿಲ್ಲುತ್ತಾಳೆ. ಜುಲೈನಲ್ಲಿ ಡ್ಯಾಮಿನಲ್ಲಿ ನೀರು ತುಂಬಿಸಿ ನಿಲ್ಲಿಸುತ್ತಾರಂತೆ.

ನಿನ್ನ ತಮ್ಮ
ಹಾಲೇಶ


ಹಾರ್ಲೋ ಟೌನ್‌ಷಿಪ್
2 ಜುಲೈ 2000

ಹಾಲೇಶಾ,

ಅವ್ವನ ಪ್ರಶ್ನೆಯನ್ನು ಚೀಲದಲ್ಲಿಟ್ಟುಕೊಂಡೇ ಒಂದು ತಿಂಗಳು ಅಲೆದಿದ್ದೇನೆ. ನೂರಾರು ಬಾಗಿಲು ಬಡಿದೆ. ಕೆಲವರು ಪರದೆ ಸರಿಸಿ ನೋಡಿ ಮತ್ತೆ ಮುಚ್ಚಿದರು. ಒಬ್ಬ ಮುದುಕ ಗರಗಸ ಹಿಡಿದುಕೊಂಡೇ ಬಾಗಿಲಿಗೆ ಬಂದ. ಮರಗೆಲಸ ಮಾಡುತ್ತಿದ್ದನಂತೆ, ಹೆದರಿದವಳು ನಾನೊಬ್ಬಳೇ. ಆಮೇಲೆ ಕೂರಿಸಿ ಒಂದು ತಾಸು ತನ್ನ ಸತ್ತ ಹೆಂಡತಿಯ ಮಾತಾಡಿದ. ನಮೂನೆಯಲ್ಲಿ ಅವನಿಗೆ ಸಿಕ್ಕಿದ್ದು ಒಂದೇ ಸಾಲು.

ಇಲ್ಲಿ ಕೆರೆಗಳು ಬಹಳ. ಟೌನ್‌ಷಿಪ್ಪಿನ ಕಚೇರಿಯಲ್ಲಿ ಒಂದು ಹಾಳೆ ಸಿಗುತ್ತದೆ, ಊರಿನ ವಿವರದ್ದು. ಒಟ್ಟು ವಿಸ್ತೀರ್ಣ 35.9 ಚದರ ಮೈಲಿ. ಅದರಲ್ಲಿ ನೆಲ 33.4, ನೀರು 2.5. ನೀರಿನ ಮೇಲೆ ಯಾರೂ ಮನೆ ಕಟ್ಟುವುದಿಲ್ಲ, ಆದರೂ ಅದು ಊರಿನ ಲೆಕ್ಕದಲ್ಲೇ ಇದೆ.

ಈಗ ಮುಖ್ಯ ಮಾತು. ಸಸಿ ಬೆಳೆಸಿ ಮಾರುವ ದೊಡ್ಡ ತೋಟವೊಂದಿದೆ. ಅದರ ಹಿಂದೆ ನಕಾಶೆಯಲ್ಲಿ ಏನೂ ಇಲ್ಲ, ಬರೀ ಬಿಳಿ. ಮಾಲೀಕ "ಅಲ್ಲಿ ಯಾರೂ ಇಲ್ಲ" ಎಂದ. ಆದರೆ ಬೇಲಿಯಾಚೆ ಹಗ್ಗದ ಮೇಲೆ ಮಕ್ಕಳ ಅಂಗಿ ಒಣಗುತ್ತಿದ್ದವು. ಯಾರೂ ಇಲ್ಲದ ಜಾಗದಲ್ಲಿ ಇಷ್ಟು ಸಣ್ಣ ಅಂಗಿ ಯಾರದು? ಒಳಗೆ ಹೋದೆ. ಗಾಲಿಯ ಮೇಲಿನ ತಗಡಿನ ಮನೆಗಳು, ಹದಿನಾಲ್ಕು. ಕೂಲಿಗೆ ಬಂದ ಮೆಕ್ಸಿಕೋದವರು. ನನ್ನ ಚೀಟಿ ನೋಡಿ ಎಲ್ಲರೂ ಒಳಗೆ ಸೇರಿಕೊಂಡರು. ಒಬ್ಬ ಬಸುರಿ ಮಾತ್ರ ಎದ್ದು ಹೋಗಲಾರದೆ ಮೆಟ್ಟಿಲ ಮೇಲೆ ಕೂತೇ ಇದ್ದಳು. ಅವಳ ಕಾಲಿನ ಬಾವು ನೋಡಿ ನಾನು ನಮೂನೆ ಕೆಳಗಿಟ್ಟು ನಾಡಿ ಹಿಡಿದೆ. ಅಂದೇ ಆಸ್ಪತ್ರೆಗೆ ಸೇರಿಸಿದೆ. ಹೆಸರು ಬರೆಯಲಾರೆ, ಪ್ರಮಾಣ ಮಾಡಿದ್ದೇನೆ. ಮರುವಾರ ಹೋದಾಗ ಹದಿನಾಲ್ಕೂ ಬಾಗಿಲು ತೆರೆದಿದ್ದವು. ಅರವತ್ತಮೂರು ಜನ.

ನಕಾಶೆಯಲ್ಲಿ ಇಲ್ಲದ ಮನೆಗೆ ಏನು ಮಾಡಲಿ ಎಂದು ನಮ್ಮ ಮೇಲ್ವಿಚಾರಕಿಯನ್ನು ಕೇಳಿದೆ. ಅವಳು ಪೆನ್ಸಿಲ್ ಕೊಟ್ಟು, "ಮನೆ ಕಂಡಲ್ಲಿ ಚುಕ್ಕೆ ಇಡು, ನಂಬರು ಕೊಡು" ಎಂದಳು. ಅಷ್ಟೇ ಕಣೋ. ಹದಿನಾಲ್ಕು ಚುಕ್ಕೆ ಇಟ್ಟೆ. ನಿನ್ನ ಮಡ್ಡಿಯಲ್ಲಿ ಯಾರಾದರೂ ನಿನಗೆ ಪೆನ್ಸಿಲ್ ಕೊಟ್ಟರೇ?

ಭಾಗ್ಯಾ


ಚಿಕ್ಕಪಡಸಲಗಿ
3 ಸೆಪ್ಟೆಂಬರ್ 2000

ಅಕ್ಕಾ,

ಈ ಭಾನುವಾರ ಸುಮ್ಮನೆ ಜಮಖಂಡಿಯ ಕಡೆ ಬಂದಿದ್ದೆ. ಬೆಳಿಗ್ಗೆ ಬಂದೆ, ಸಂಜೆಯ ಬಸ್ಸಿಗೆ ಹೊರಡುತ್ತೇನೆ. ಚಿಕ್ಕಪಡಸಲಗಿಯ ಬ್ಯಾರೇಜಿನ ದಂಡೆಯಲ್ಲಿ ಕೂತು ಬರೆಯುತ್ತಿದ್ದೇನೆ. ನಿನಗೆ ನೆನಪಿರಬೇಕು, ನೀನು ಹೋದ ವರ್ಷವೇ ಈ ಕಡೆಯ ರೈತರು ತಾವೇ ನಿಂತು ಹೊಳೆಗೆ ಅಡ್ಡ ಕಟ್ಟಿದ್ದು. ಹೆಂಗಸರು ಬುಟ್ಟಿ ಹೊತ್ತದ್ದನ್ನು ಇಲ್ಲಿನವರು ಈಗಲೂ ಹೇಳುತ್ತಾರೆ. ನೀರು ಮೊದಲ ವಾರ ಕಂಬಗಳ ತಲೆಯವರೆಗೆ ಇತ್ತು. ಮೂರನೆಯ ವಾರ ಇಳಿಯಿತು. ಈಗ ಮತ್ತೆ ಕೆಂಪಾಗಿ ಏರಿದೆ. ನೋಡಿದಷ್ಟೂ ಬೇಸರವಾಗದು.

ನಮ್ಮ ಹಳೆಯ ಊರಿಗೆ ಜುಲೈ ಕೊನೆಗೆ ನೀರು ಬಂತು. ಹೊಳೆದಂಡೆಯ ಓಣಿಯಿಂದ ಶುರುವಾಗಿ ಹನ್ನೊಂದು ದಿನದಲ್ಲಿ ಬೀರೇಶ್ವರನ ಗುಡಿಯ ಮೆಟ್ಟಿಲು ಮುಟ್ಟಿತು. ದೇವರನ್ನು ಮೊದಲೇ ತಂದಿದ್ದೆವು. ಅವ್ವ ಅಳಲಿಲ್ಲ. "ಅದೂ ನಮ್ಮ ಹೊಳೀನ ಐತಲ್ಲ, ಪರರದೇನಲ್ಲ" ಎಂದಳು.

ಮನೆಪಟ್ಟಿಯ ಕೆಲಸ ಮುಗಿಯಿತು. ಎಲ್ಲ ಸುರಳೀತ.

ಹಾಲೇಶ


ಹಾರ್ಲೋ ಟೌನ್‌ಷಿಪ್
1 ಅಕ್ಟೋಬರ್ 2000

ಹಾಲೇಶಾ,

ಬೆಳಿಗ್ಗೆ ಬಂದು ಸಂಜೆ ಹೊರಡುವವನು ಹೊಳೆಯ ನೀರು ಮೊದಲ ವಾರ ಎಷ್ಟಿತ್ತು, ಮೂರನೆಯ ವಾರ ಎಷ್ಟಾಯಿತು ಎಂದು ಹೇಗೆ ನೋಡಿದೆ?

ನಿನ್ನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವಳು ನಾನು. ಖರೆ ಬರಿ.

ಅಕ್ಕ


ಚಿಕ್ಕಪಡಸಲಗಿ
12 ನವೆಂಬರ್ 2000

ಅಕ್ಕಾ,

ಸಿಕ್ಕಿಬಿದ್ದೆ. ಆದರೆ ನಿನ್ನನ್ನೂ ಹಿಡಿದಿದ್ದೇನೆ. ಮೊದಲು ನಿನ್ನ ಪ್ರತಿ ಪತ್ರದಲ್ಲಿ ಆಸ್ಪತ್ರೆ ಇರುತ್ತಿತ್ತು. ವಾರ್ಡು, ಪಾಳಿ, ಜಗಳಗಂಟಿ ಹೆಡ್ ನರ್ಸು. ಏಪ್ರಿಲ್‌ನಿಂದ ಈಚೆ ನಿನ್ನ ಆಸ್ಪತ್ರೆಯ ಒಂದು ಮಾತೂ ಇಲ್ಲ. ಎರಡು ತಿಂಗಳ ರಜೆ ಎಂದೆ, ಏಳು ತಿಂಗಳಾಯಿತು. ನನ್ನದು ನಾನು ಹೇಳುತ್ತೇನೆ, ನಿನ್ನದು ನೀನು ಹೇಳು.

ಮನೆಪಟ್ಟಿಯಲ್ಲಿ ಊರಿನ ಹೆಸರು ಬರೆಯುವ ಕಡೆ ನಾನು ಎಲ್ಲ ಹಾಳೆಗಳಲ್ಲೂ ಕರಿಸಿದ್ದನಾಳ ಎಂದೇ ಬರೆದೆ. ತಿದ್ದಿ ಹಿರೇಮಡ್ಡಿ ಎಂದು ಬರೆ ಎಂದರು. ತಿದ್ದಲಿಲ್ಲ. ಮೇಲಿನವರು ನೋಟಿಸು ಕೊಟ್ಟರು, ಗಣತಿಯ ಕೆಲಸದಿಂದ ತೆಗೆದರು. ಆಗಸ್ಟಿನಲ್ಲಿ ಈ ಕಡೆಯ ಶಾಲೆಗೆ ಕಳಿಸಿದರು. ಅವ್ವನಿಗೆ ತರಬೇತಿ ಎಂದು ಹೇಳಿ ಬಂದೆ. ಅವಳಿಗೆ ಮೊದಲ ದಿನವೇ ಗೊತ್ತಾಗಿತ್ತಂತೆ, ನಾನು ಹೇಳುವವರೆಗೆ ಕಾಯುತ್ತಿದ್ದಳು.

ಇಲ್ಲಿ ನಾನು ಕೈಕಟ್ಟಿ ಕೂತಿಲ್ಲ. ದಿನಾ ಈ ಬ್ಯಾರೇಜು ನೋಡುತ್ತೇನೆ. ಇವರು ಯಾರ ಹುಕುಮಿಗೂ ಕಾಯದೆ ಹೊಳೆಗೇ ಅಡ್ಡ ಕಟ್ಟಿದರು. ನಾವು ನಮ್ಮ ತಲೆ ನಾವು ಎಣಿಸಿಕೊಳ್ಳುವುದಕ್ಕೆ ಯಾರನ್ನು ಕೇಳಬೇಕು? ಹಾಗೆಂದು ಹೋದ ತಿಂಗಳು ಒಂದು ಶನಿವಾರ ಊರಿಗೆ ಹೋಗಿ ಗಿರಮಲ್ಲಪ್ಪ ಕಾಕಾನ ಪಡಸಾಲೆಯಲ್ಲಿ ಹೇಳಿದೆ. ನಾಲ್ಕು ಭಾನುವಾರ ಎಣಿಸಿದೆವು. ಮುಂದೆ ಅವ್ವ, ಹಿಂದೆ ನಾನು. ಅವಳಿಗೆ ನಮೂನೆ ಬೇಕಾಗಲಿಲ್ಲ. ಬಾಗಿಲಲ್ಲಿ ನಿಂತು, "ಯಂಕವ್ವಾ, ನಿನ್ನ ನಡುವಲ ಸೊಸಿ ಹಡದಾಳಿಲ್ಲೋ? ಕೂಸಿನ್ನ ಬಿಟ್ಟು ಹೇಳಾಕತ್ತಿಯಲ್ಲ!" ಎಂದು ಗದರಿಸಿ ಬರೆಸುತ್ತಿದ್ದಳು.

246 ಮನೆ, 1,291 ಜನ. ಕಳೆದ ಗಣತಿಯಲ್ಲಿ 2,296 ಇದ್ದೆವು. ಸಾವಿರ ಜನ ಎಲ್ಲಿ ಹೋದರು? ಕೆಲವರು ಮುಧೋಳದ ಸಕ್ಕರೆ ಕಾರ್ಖಾನೆಯ ಸುತ್ತ, ಕೆಲವರು ಬನಹಟ್ಟಿಯ ಮಗ್ಗಗಳಲ್ಲಿ. ಪಡಸಾಲೆಯಲ್ಲಿ ಸಂಖ್ಯೆ ಓದಿದೆ. ಆಮೇಲೆ ಕಾಕಾ ಅಂದರು:

"ಮಾಸ್ತರ, ಫೆಬ್ರುವರಿ ಒಳಗ ಎಣಿಸೋ ಹೊತ್ತಿಗೆ ಅವರನ್ನೆಲ್ಲಾ ಎರಡು ದಿನ ಕರಸೂಣು. ಬಂದು ಹೆಸರ ಬರಸಿ ಹೋಗ್ಲಿ. ಎರಡ ಸಾವಿರ ದಾಟತೈತಿ."

"ಬ್ಯಾಡ್ರಿ ಕಾಕಾ. ಒಂದು ಸುಳ್ಳು ಸಿಕ್ಕಿತಂದ್ರ ಇದ್ದ ಖರೆನೂ ಸುಳ್ಳ ಅಂತಾರ" ಎಂದೆ.

ಜನ ನನ್ನ ಮೇಲೆ ಸಿಟ್ಟಾದರು. ನಾನೇ ಊರು ಮುಳುಗಿಸುತ್ತಿದ್ದೇನೆ ಎಂದೂ ಒಬ್ಬರು ಅಂದರು. ಆಗ ಅವ್ವ ಸೆರಗು ಸಿಕ್ಕಿಸಿಕೊಂಡು ಎದ್ದಳು. "ನಾ ಬನಹಟ್ಟಿಗೆ ಹೊಕ್ಕೇನಿ" ಎಂದಳು.

ನಿನ್ನ ಟೌನ್‌ಷಿಪ್ಪಿನ ಆ ಹಾಳೆ, ನೆಲ ಇಷ್ಟು ನೀರು ಇಷ್ಟು ಎಂದು ಬರೆದದ್ದು, ಅದನ್ನು ಕಳಿಸುತ್ತೀಯಾ? ನಮ್ಮ ಊರಿನ ವಿವರವನ್ನು ಹೇಗೆ ಬರೆಯಬೇಕೋ ನನಗೆ ತಿಳಿಯುತ್ತಿಲ್ಲ.

ಹಾಲೇಶ


ಹಾರ್ಲೋ ಟೌನ್‌ಷಿಪ್
10 ಡಿಸೆಂಬರ್ 2000

ಹಾಲೇಶಾ,

ಹಾಳೆ ಇದರೊಳಗಿದೆ. ಓದು, ಮಡಚಬೇಡ.

ನನ್ನದು ಹೇಳುತ್ತೇನೆ. ಜನವರಿಯಲ್ಲಿ ನಮ್ಮ ವಾರ್ಡು ಮುಚ್ಚಿದರು. ಹನ್ನೊಂದು ವರ್ಷ ದುಡಿದ ಜಾಗದಿಂದ ಒಂದು ರಟ್ಟಿನ ಪೆಟ್ಟಿಗೆ ಹಿಡಿದು ಹೊರಗೆ ಬಂದೆ. ಗಣತಿಗೆ ಸರ್ಕಾರ ನನ್ನನ್ನು ಆರಿಸಲಿಲ್ಲ, ಹಾಲೇಶಾ. ಕೆಲಸವಿಲ್ಲದವರಿಗೆ ಕೆಲಸ ಎಂದು ಅಂಗಡಿಯ ಗೋಡೆಗೆ ಚೀಟಿ ಅಂಟಿಸಿದ್ದರು, ಅದನ್ನು ಹರಿದುಕೊಂಡು ಹೋದೆ. ಎಣಿಕೆ ಮುಗಿದ ಮೇಲೆ ಒಬ್ಬ ಮುದುಕಿಯ ಮನೆಯಲ್ಲಿ ದಿನಗೆಲಸದ ನರ್ಸಾಗಿದ್ದೇನೆ. ಊರಿನಲ್ಲಿ ನನ್ನನ್ನು ಸಾಹೇಬ್ತಿ ಎನ್ನುತ್ತಾರೆಂದು ನೀನು ಬರೆದದ್ದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಸುಳ್ಳು ನನ್ನದು, ಹೊತ್ತು ತಿರುಗಿದವರು ನೀವು.

ಆದರೆ ಒಂದು ಮಾತು ನಂಬು. ಹನ್ನೊಂದು ವರ್ಷ ನಾನು ಇಲ್ಲಿ ಇದ್ದೆ ಅಷ್ಟೇ. ಮನೆಮನೆ ತಿರುಗಿದ ಆ ಮೂರು ತಿಂಗಳಲ್ಲಿ ಇದು ನನ್ನ ಊರಾಯಿತು. ಈಗ ರಸ್ತೆಯಲ್ಲಿ ಹೋದರೆ ಜನ ಕೈ ಎತ್ತುತ್ತಾರೆ. ಗರಗಸದ ಮುದುಕ ನನ್ನ ಕಿಟಕಿಗೆ ಚೌಕಟ್ಟು ಮಾಡಿಕೊಟ್ಟಿದ್ದಾನೆ. ಆ ಬಸುರಿ ಹೆಣ್ಣುಮಗುವನ್ನು ಹೆತ್ತಳು, ಇಬ್ಬರೂ ಚೆನ್ನಾಗಿದ್ದಾರೆ.

ಅವ್ವನ ಅಗಸಿಯ ಪ್ರಶ್ನೆಗೆ ಉತ್ತರ ಸಿಕ್ಕಿದೆ ಎಂದು ಹೇಳು. ಇಲ್ಲಿ ಬಾಗಿಲು ಬಡಿದವರು ಒಳಗಿನವರು.

ಅವ್ವ ಬನಹಟ್ಟಿಯಲ್ಲಿ ಏನು ಮಾಡಿದಳು? ಬೇಗ ಬರಿ.

ಭಾಗ್ಯಾ


ಕರಿಸಿದ್ದನಾಳ
11 ಫೆಬ್ರುವರಿ 2001

ಅಕ್ಕಾ,

ವಿಳಾಸ ನೋಡಿದೆಯಾ? ಪುನರ್ವಸತಿ ಕೇಂದ್ರ ಎಂದು ಬರೆದಿಲ್ಲ. ಕ್ರಮವಾಗಿ ಹೇಳುತ್ತೇನೆ.

ಅವ್ವ ಬನಹಟ್ಟಿಗೆ ಹೋಗಿ ಎಂಟು ದಿನ ಉಳಿದಳು. ಮಗ್ಗದ ಓಣಿ ಓಣಿ ತಿರುಗಿ ನಮ್ಮ ಊರಿನವರ ಮನೆ ಹುಡುಕಿದಳು. ಎಲ್ಲರೂ ಬರುತ್ತೇವೆ ಎಂದರಂತೆ, ಎರಡು ದಿನಕ್ಕೆ. ಅವಳು ಎಲ್ಲರಿಗೂ ಹೇಳಿದ್ದು ಒಂದೇ ಮಾತು: "ಎಣಸಾಕ ಬರಬ್ಯಾಡ್ರಿ, ಬಾಳಾಕ ಬರ್ರಿ."

ಸಂಕ್ರಾಂತಿ ಕಳೆದ ಮೂರನೆಯ ದಿನ ಮಡ್ಡಿಯ ಏರಿಯಲ್ಲಿ ಟ್ರ್ಯಾಕ್ಟರುಗಳ ಸದ್ದು. ಮೊದಲನೆಯದರಲ್ಲಿ ಬಿಚ್ಚಿದ ಎರಡು ಮಗ್ಗ, ಅವುಗಳ ಮೇಲೆ ಬನಹಟ್ಟಿ ಸೇರಿದ್ದ ಅನಸವ್ವ, ಅವಳ ಮಡಿಲಲ್ಲಿ ಕೋಳಿ. ಹಿಂದೆ ಇನ್ನೂ ನಾಲ್ಕು ಟ್ರ್ಯಾಕ್ಟರು. ಇಪ್ಪತ್ಮೂರು ಮನೆತನ, 128 ಜನ. ಜನ ಓಡಿಹೋಗಿ ಟ್ರೇಲರಿನಿಂದ ಪಾತ್ರೆ ಇಳಿಸಿದರು. ನನ್ನನ್ನು ಬೈದಿದ್ದವರೇ ನನ್ನ ಹೆಗಲ ಮೇಲೆ ಮಗ್ಗದ ಮರ ಇಟ್ಟು, "ಹಿಡೀರಿ ಮಾಸ್ತರ, ಸಾಲಿ ಹಿಡದಂಗಲ್ಲ ಇದು" ಎಂದು ನಕ್ಕರು.

ಅಷ್ಟರಲ್ಲಿ ತಾಲೂಕು ಕಚೇರಿಗೆ ಹೊಸ ಸಾಹೇಬರು ಬಂದಿದ್ದರು. ನಾನು, ಅವ್ವ, ಗಿರಮಲ್ಲಪ್ಪ ಕಾಕಾ ಹೋದೆವು. ನಿನ್ನ ಹಾಳೆಯನ್ನು ಮೇಜಿನ ಮೇಲಿಟ್ಟೆ. ಅವರು ಓದಿ, "ಇದು ಚಲೋ ಐತ್ರಿ ಮಾಸ್ತರ, ಆದ್ರ ನನ್ನ ಕಚೇರಿ ಒಳಗ ಅಮೆರಿಕಾ ನಡೆಯೂದಿಲ್ಲ. ನಿಮ್ಮ ಊರಿಂದು ಎಲ್ಲೈತಿ?" ಎಂದರು. ನಾನು ಅದಕ್ಕೇ ಕಾಯುತ್ತಿದ್ದೆ. ಅದೇ ರೀತಿ ಬರೆದ ನಮ್ಮ ಹಾಳೆ ಬಿಚ್ಚಿದೆ. ಕರಿಸಿದ್ದನಾಳ: ನೀರಿನ ಕೆಳಗೆ 2,115 ಎಕರೆ, ನೀರಿನ ಮೇಲೆ 825, ಮಡ್ಡಿಯಲ್ಲಿ ವಸತಿಗೆ 140. ಮನೆ 269, ಜನ 1,419. ಅದರ ಜೊತೆಗೆ ನಾನು ಬರೆದ ನಕಾಶೆ, ಒಂದೊಂದು ಮನೆಗೆ ಒಂದೊಂದು ಚುಕ್ಕೆ, ಚುಕ್ಕೆಯ ಪಕ್ಕ ಮನೆಯವರ ಸಹಿ ಇಲ್ಲವೇ ಹೆಬ್ಬೆಟ್ಟು.

ಸಾಹೇಬರು ಬಹಳ ಹೊತ್ತು ನೋಡಿದರು. "ಒಂದ ತಲಿ ಹೆಚ್ಚಿಗಿ ಬರೆದಿದ್ರ ಎಲ್ಲಾ ಹರದ ಹಾಕ್ತೇನಿ, ನೋಡ್ರಿ" ಎಂದರು.

"ಒಂದು ಕಡಿಮಿ ಬರೆದಿದ್ರ ಏನ್ಮಾಡ್ತೀರ್ರಿ?" ಎಂದಳು ಅವ್ವ.

ಮರುದಿನವೇ ಜೀಪಿನಲ್ಲಿ ಬಂದರು. ಕಣ್ಣು ಮುಚ್ಚಿ ನಕಾಶೆಯ ಮೇಲೆ ಬೆರಳಿಟ್ಟು ಹತ್ತು ಚುಕ್ಕೆ ಆರಿಸಿದರು. ಹತ್ತೂ ಮನೆಗೆ ತಾವೇ ನಡೆದು ತಾವೇ ಎಣಿಸಿದರು. ಒಂಬತ್ತು ಸರಿಯಾದವು. ಹತ್ತನೆಯದರಲ್ಲಿ, ಇಂದ್ರವ್ವನ ಮನೆಯಲ್ಲಿ, ನನ್ನ ಲೆಕ್ಕ ಐದು, ಅವರಿಗೆ ಸಿಕ್ಕಿದ್ದು ನಾಲ್ಕು. ಸಾಹೇಬರು ನನ್ನ ಮುಖ ನೋಡಿದರು. ಅಕ್ಕಾ, ಇಷ್ಟು ತಿಂಗಳ ಕೆಲಸ ಒಂದು ತಲೆಗೆ ಜೋತು ನಿಂತಿತ್ತು. ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ಇಂದ್ರವ್ವನ ಗಂಡ ಅಮಸಿದ್ದಪ್ಪ, ತಲೆಯ ಮೇಲೆ ಮೇವಿನ ಹೊರೆ, ಬೆವರು ಸುರಿಸುತ್ತ ಒಳಗೆ ಬಂದ. ಜೀಪು, ಜನ, ಸಾಹೇಬರನ್ನು ನೋಡಿ ಹೊರೆ ಇಳಿಸದೆ ಹಾಗೇ ನಿಂತುಬಿಟ್ಟ. ಸಾಹೇಬರು ಅವನನ್ನು ಮೇಲಿಂದ ಕೆಳಗೆ ನೋಡಿ, "ಐದು" ಎಂದರು.

ಓಣಿಯೆಲ್ಲ ಕೇಕೆ ಹಾಕಿತು.

ಹಿರೇಮಡ್ಡಿಯ ಸರಹದ್ದಿನಲ್ಲೇ ಆದರೂ ನಮಗೆ ಗಣತಿಯ ಬೇರೆ ಬ್ಲಾಕು ಆಯಿತು, ಕರಿಸಿದ್ದನಾಳ ಎಂಬ ಹೆಸರಿನಲ್ಲೇ. ನನ್ನ ಮೇಲಿನ ನೋಟಿಸು ಹಿಂದೆ ತೆಗೆದುಕೊಂಡರು, ನನ್ನ ಶಾಲೆಯನ್ನೂ ಗಣತಿಯ ಕೆಲಸವನ್ನೂ ನನಗೆ ಮರಳಿ ಕೊಟ್ಟರು. ಮೊನ್ನೆ ಒಂಬತ್ತನೆಯ ತಾರೀಕು ಎಣಿಕೆ ಶುರುವಾಯಿತು. ಮೊದಲ ಮನೆ ನಮ್ಮದೇ. ನಾನು ಕಾನೂನಿನಂತೆ ಗಂಭೀರವಾಗಿ ಕೇಳಿದೆ, ಅವ್ವನ ಹೆಸರು, ವಯಸ್ಸು, ಕೆಲಸ. ಕೆಲಸ ಎಂದಾಗ ಅವಳು, "ಕುರಿ ಕಾಯೂದು. ಈ ಸಲ ಮಂದೀನೂ ಕಾದೇನಿ, ಬರಕೋ" ಎಂದಳು.

ನಿನ್ನ ಸುಳ್ಳಿನ ವಿಷಯವನ್ನು ಅವ್ವನಿಗೂ ಕಾಕಾನಿಗೂ ಹೇಳಿದೆ. ಕಾಕಾ, "ಕೆಲಸ ಹೋದ ಮ್ಯಾಲೂ ಮಂದಿ ಎಣಸ್ಯಾಳಂದ್ರ ಖರೆ ಸಾಹೇಬ್ತಿ ಈಗ ಆದಳು" ಎಂದರು.

ಹಾಲೇಶ


ಹಾರ್ಲೋ ಟೌನ್‌ಷಿಪ್
10 ಜೂನ್ 2001

ನನ್ನ ಬಂಗಾರದ ತಮ್ಮಾ,

ಅಮಸಿದ್ದಪ್ಪ ಹೊರೆ ಹೊತ್ತು ಬಂದದ್ದನ್ನು ಓದಿ ಅಡುಗೆಮನೆಯಲ್ಲಿ ಒಬ್ಬಳೇ ಚಪ್ಪಾಳೆ ಹೊಡೆದೆ. ನಾನು ನೋಡಿಕೊಳ್ಳುವ ಮುದುಕಿ ಗಾಬರಿಯಾಗಿ ಕೂಗಿದಳು. ಅವಳಿಗೂ ಕಥೆ ಹೇಳಿದೆ. "ಐದು!" ಎಂದು ಅವಳೂ ಕೂಗಿದಳು.

ನಮ್ಮ ಸಂಖ್ಯೆಯೂ ಬಂತು: 22,417. ಟೌನ್‌ಷಿಪ್ಪಿನ ಸಭೆಯಲ್ಲಿ ಓದಿದರು. ಇಲ್ಲಿ ತಿಂಗಳಿಗೊಮ್ಮೆ ಸಭೆ, ಯಾರು ಬೇಕಾದರೂ ಹೋಗಿ ಮಾತಾಡಬಹುದು. ಈ ಹೆಚ್ಚಿದ ಜನಕ್ಕೆ ಏನು ಬೇಕು ಎಂಬ ಮಾತು ಬಂತು. ಒಬ್ಬರು ರಸ್ತೆ ಎಂದರು, ಒಬ್ಬರು ಆಟದ ಮೈದಾನ ಎಂದರು. ನಾನು ಹಿಂದಿನ ಸಾಲಿನಲ್ಲಿದ್ದೆ. ಹನ್ನೆರಡು ವರ್ಷದಲ್ಲಿ ಈ ದೇಶದಲ್ಲಿ ಎದ್ದು ನಿಂತು ಮಾತಾಡಿದವಳಲ್ಲ. ಅವ್ವ ಸಾಹೇಬರಿಗೆ ಕೇಳಿದ ಪ್ರಶ್ನೆ ನೆನಪಾಯಿತು, ಕಾಲು ತಾವೇ ಎದ್ದವು. ಯಾರ ಹೆಸರನ್ನೂ ಜಾಗವನ್ನೂ ಹೇಳಲಿಲ್ಲ. ಈ ಚೌಕದೊಳಗೆ ವೈದ್ಯರನ್ನು ಕಾಣದೆ ಹೆರುವ ಹೆಂಗಸರಿದ್ದಾರೆ, ಬಿದ್ದರೆ ಎತ್ತುವವರಿಲ್ಲದ ಮುದುಕರಿದ್ದಾರೆ, ಅವರಲ್ಲಿಗೆ ಹೋಗುವ ಒಬ್ಬ ನರ್ಸು ಬೇಕು ಎಂದೆ. ಗರಗಸದ ಮುದುಕ ಮೊದಲು ಕೈ ಎತ್ತಿದ. ಆಮೇಲೆ ಎಷ್ಟು ಕೈಗಳು ಎದ್ದವೋ ಎಣಿಸಲಿಲ್ಲ, ಕಣ್ಣು ಮಂಜಾಗಿತ್ತು.

ಹುದ್ದೆ ಮಾಡಿದರು. ಇಪ್ಪತ್ತಾರು ಅರ್ಜಿ ಬಂದವು. ನನ್ನನ್ನು ಆರಿಸಿದರು. ಈ ಸಲ ಖರೆ, ಹಾಲೇಶಾ. ಆರಿಸಿದರು.

ಅವ್ವನಿಗೆ ಓದಿ ಹೇಳು. ನಿಮ್ಮ ಕೊನೆಯ ಸಂಖ್ಯೆ ಎಷ್ಟಾಯಿತು?

ಭಾಗ್ಯಾ


ಕರಿಸಿದ್ದನಾಳ
ತಾ. ಬೀಳಗಿ, ಜಿ. ಬಾಗಲಕೋಟೆ
9 ಜೂನ್ 2003

ಅಕ್ಕಾ,

ಊರಿಗೆ ಫೋನು ಬಂದ ಮೇಲೆ ನಮ್ಮ ಪತ್ರಗಳು ನಿಂತೇಹೋದವು. ಆದರೆ ಈ ದಿನದ್ದನ್ನು ಫೋನಿನಲ್ಲಿ ಹೇಳಿದರೆ ಹಾರಿಹೋಗುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ.

ಗಣತಿಯ ನಮ್ಮ ಕೊನೆಯ ಸಂಖ್ಯೆ 1,421 ಎಂದು ಫೋನಿನಲ್ಲಿ ಆಗಲೇ ಹೇಳಿದ್ದೆ. ನಾವೇ ಎಣಿಸಿದ ಆ ನವೆಂಬರಿನಿಂದ ಗಣತಿಯವರೆಗೆ ಮೂರು ಹೆರಿಗೆ, ಒಂದು ಸಾವು. ಈಗ ನಮ್ಮನ್ನು ಬೇರೆ ಗ್ರಾಮವೆಂದು ಮಾಡಿದ ಆದೇಶವೂ ಬಂದಿದೆ. ಆದೇಶದ ಹಿಂದೆಯೇ ಹೈಸ್ಕೂಲು ಬಂತು. ಇವತ್ತು ಮೊದಲ ದಿನ.

ಕಟ್ಟಡ ಇನ್ನೂ ಇಲ್ಲ, ನಮ್ಮ ಪ್ರಾಥಮಿಕ ಶಾಲೆಯ ಎರಡು ಕೋಣೆ ಬಿಟ್ಟುಕೊಟ್ಟಿದ್ದೇವೆ. ನಲವತ್ತೊಂದು ಮಕ್ಕಳು, ಅದರಲ್ಲಿ ಇಪ್ಪತ್ತಾರು ಹುಡುಗಿಯರು. ಮೂರು ವರ್ಷ ಮನೆಯಲ್ಲಿ ಕೂತಿದ್ದ ಯಂಕವ್ವನ ಮೊಮ್ಮಗಳು ಪೂನಮ್ ಎಲ್ಲರಿಗಿಂತ ಎತ್ತರ. ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಬನಹಟ್ಟಿಯಿಂದ ಬಂದ ಮನೆಗಳ ಮಕ್ಕಳು ಏಳು ಮಂದಿ. ಊರಿಗೆ ಊರೇ ಕಿಟಕಿಗಳಲ್ಲಿ ನಿಂತಿತ್ತು. ಗಿರಮಲ್ಲಪ್ಪ ಕಾಕಾ ಸಕ್ಕರೆ ಹಂಚಿದರು. ಅವ್ವ ಕುರಿಗಳನ್ನು ದಡ್ಡಿಯಲ್ಲೇ ಬಿಟ್ಟು, ಹೊಸ ಇಳಕಲ್ ಸೀರೆ ಉಟ್ಟು ಬಂದು, ಯಾರನ್ನೂ ಕೇಳದೆ ಪೂನಮಳ ಪಕ್ಕ ಬೆಂಚಿನ ಮೇಲೆ ಕೂತಳು.

ಬಾಗಲಕೋಟೆಯಿಂದ ಬಂದ ಹೊಸ ಮೇಡಂ, ಮಧುಮತಿ ಎಂದು ಹೆಸರು, ಚಿಕ್ಕ ವಯಸ್ಸಿನವರು, ಹಾಜರಿ ಪುಸ್ತಕ ತೆರೆದು ಒಂದೊಂದೇ ಹೆಸರು ಕರೆದರು. ಮಕ್ಕಳು ಎದ್ದು ನಿಂತು ಓಗೊಟ್ಟರು. ನಲವತ್ತೊಂದೂ ಮುಗಿದವು. ಮೇಡಂ ಪುಸ್ತಕ ಮುಚ್ಚಿದರು.

"ಇನ್ನೊಂದ ಉಳೀತಲ್ಲವಾ" ಎಂದಳು ಅವ್ವ.

"ಯಾರದ್ರಿ ಆಯಿ?"

"ನಂದು."

ಮೇಡಂ ನನ್ನ ಕಡೆ ನೋಡಿದರು. ನಾನು ಅವ್ವನ ಹೆಸರು ಹೇಳಿದೆ. ಅವರು ನಗಲಿಲ್ಲ, ಅಕ್ಕಾ. ಪುಸ್ತಕವನ್ನು ಮತ್ತೆ ತೆರೆದರು. ಅದರಲ್ಲಿ ಇಲ್ಲದ ಹೆಸರನ್ನು ಇದ್ದ ಹಾಗೆಯೇ, ಎಲ್ಲರಿಗೂ ಕೇಳುವಂತೆ ಕರೆದರು:

"ತಂಗೆವ್ವ ಲಗಮಣ್ಣ. ಕರಿಸಿದ್ದನಾಳ."

ಅವ್ವ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡಳು. ಹೊಳೆಯ ಆಚೆ ದಡಕ್ಕೆ ಕೇಳಬೇಕು, ಅಷ್ಟು ದೊಡ್ಡ ದನಿಯಲ್ಲಿ ಹೇಳಿದಳು:

"ಅದೀನ್ರೀ!"

ನಿನ್ನ ತಮ್ಮ
ಹಾಲೇಶ